ಮಕ್ಕಳ ಹೊರಾಂಗಣ ಶಿಬಿರಕ್ಕೆ ಸ್ವಯಂಸೇವಕರನ್ನು ಸಜ್ಜುಗೊಳಿಸುವುದು ಹೇಗೆ?

"ನಮ್ಮಲ್ಲಿ ಉತ್ಸಾಹಿ ಪೋಷಕರಿದ್ದಾರೆ, ಶಿಕ್ಷಕರಿದ್ದಾರೆ, ಓದು ಮುಗಿಸಿದ ಯುವಕರೂ ಇದ್ದಾರೆ. ಮಕ್ಕಳನ್ನು ಚಾರಣಕ್ಕೆ, ಶಿಬಿರಕ್ಕೆ ಕರೆದೊಯ್ಯಲು ಇವರನ್ನು ತಯಾರು ಮಾಡುವುದು ಹೇಗೆ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಒಂದು ದಿನದ ಕಾರ್ಯಾಗಾರ ಸಾಲದೇ?" ಸಾಲದು. ಏಕೆ ಸಾಲದು, ಏನೇನು ಬೇಕು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ತರಬೇತಿಯೆಂದರೆ ಟೆಂಟ್ ಕಟ್ಟುವುದು, ಹಗ್ಗಕ್ಕೆ ಗಂಟು ಹಾಕುವುದು, ನಕ್ಷೆ ಓದುವುದು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅವೆಲ್ಲ ಬೇಕು, ಆದರೆ ಅವನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ. ದೊಡ್ಡವರಿಗೆ ನಿಜಕ್ಕೂ ಕಷ್ಟವಾಗುವುದು ಎರಡು ಸಂಗತಿ. ಮಕ್ಕಳು ಮಾಡಬೇಕಾದ ಕೆಲಸಕ್ಕೆ ಕೈಹಾಕದೆ ಸುಮ್ಮನಿರುವುದು ಒಂದು. ಮಕ್ಕಳ ಮೇಲೆ ಎಂದಿಗೂ ಹೊರಿಸಬಾರದ ಹೊಣೆಯನ್ನು ಯಾವ ಮುಲಾಜಿಗೂ ಬಿಟ್ಟುಕೊಡದಿರುವುದು ಇನ್ನೊಂದು. ಈ ಎರಡರ ನಡುವಿನ ಗೆರೆಯನ್ನು ಗುರುತಿಸಲು ಕಲಿಸುವುದೇ ನಾಯಕತ್ವ ತರಬೇತಿ. ಉಳಿದದ್ದು ಅದರ ಸುತ್ತ ಬೆಳೆಯುತ್ತದೆ.

ಮೊದಲು ಏನೇನು ಬೇಕು?

ಕಲಿಯುವವರು ಹನ್ನೆರಡರಿಂದ ಇಪ್ಪತ್ತನಾಲ್ಕು ಮಂದಿ ಇದ್ದರೆ ಅನುಕೂಲ. ಇದಕ್ಕಿಂತ ಹೆಚ್ಚಾದರೆ ತರಬೇತಿ ಭಾಷಣವಾಗಿಬಿಡುತ್ತದೆ. ಸಮಯದ ಲೆಕ್ಕ ಹೀಗಿರಲಿ: ಒಂದು ಸಂಜೆಯ ಸಭೆ, ರಾತ್ರಿ ಬಯಲಿನಲ್ಲೇ ತಂಗುವ ಎರಡು ದಿನದ ಶಿಬಿರ, ಅದರ ನಂತರ ಅನುಭವಿಗಳ ಕೈಕೆಳಗೆ ಕೆಲವು ತಿಂಗಳ ಕೆಲಸ. ಪ್ರಥಮ ಚಿಕಿತ್ಸೆ ಕಲಿಸಲು ಅದರಲ್ಲಿ ಅರ್ಹತೆ ಪಡೆದವರೊಬ್ಬರು ಬೇಕು. ಆ ಪಾಠವನ್ನು "ನನಗೂ ಸ್ವಲ್ಪ ಗೊತ್ತು" ಎನ್ನುವವರ ಕೈಗೆ ಕೊಡಬೇಡಿ. ಸಾಮಾನು ಸರಂಜಾಮು ಮಕ್ಕಳ ಶಿಬಿರಕ್ಕೆ ಬೇಕಾಗುವಷ್ಟೇ: ಟೆಂಟ್, ಒಲೆ, ಹಗ್ಗ, ನಕ್ಷೆ, ದಿಕ್ಸೂಚಿ, ಸೀಟಿ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಸಭಾಂಗಣ, ಪರದೆ, ಪ್ರೊಜೆಕ್ಟರ್ ಬೇಕಿಲ್ಲ. ಅವು ಇದ್ದರೆ ಬಳಸುವ ಆಸೆಯಾಗುತ್ತದೆ, ಆದ್ದರಿಂದ ಇಲ್ಲದಿರುವುದೇ ಒಳ್ಳೆಯದು.

ಹಂತ 1: ತರಬೇತಿಗೆ ಮುಂಚೆ ಆಯ್ಕೆ

ಸ್ವಯಂಸೇವಕರು ಸಿಗುವುದೇ ಕಷ್ಟವಾದ್ದರಿಂದ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಅಭ್ಯಾಸ ಎಲ್ಲೆಡೆ ಇದೆ. ಇದು ಮೊದಲ ಹಳ್ಳ. ಗುರುತಿನ ದಾಖಲೆ ನೋಡಿ. ಹಿಂದೆ ಮಕ್ಕಳೊಂದಿಗೆ ಕೆಲಸ ಮಾಡಿದ್ದರೆ ಅಲ್ಲಿನ ಇಬ್ಬರೊಂದಿಗೆ ನೀವೇ ಮಾತನಾಡಿ. ನಿಮ್ಮಲ್ಲಿ ಪೊಲೀಸ್ ಪರಿಶೀಲನೆಯ ವ್ಯವಸ್ಥೆಯಿದ್ದರೆ ಬಳಸಿಕೊಳ್ಳಿ. ಆಮೇಲೆ ಕುಳಿತು ಮಾತನಾಡಿ, ಏಕೆ ಬರುತ್ತಿದ್ದೀರಿ ಎಂದು ಕೇಳಿ. "ನನಗೆ ಬೆಟ್ಟ ಹತ್ತುವುದೆಂದರೆ ಪ್ರಾಣ" ಎನ್ನುವವರು ಒಳ್ಳೆಯ ಚಾರಣಿಗರಿರಬಹುದು. ಆದರೆ ಕಾಲು ನೋವೆಂದು ಅರ್ಧ ದಾರಿಯಲ್ಲಿ ಕುಳಿತ ಮಗುವಿನ ಜೊತೆ ತಾವೂ ಕುಳಿತುಕೊಳ್ಳುತ್ತಾರೆಯೇ, ಶಿಖರವನ್ನು ಅಂದಿಗೆ ಬಿಟ್ಟುಕೊಡುತ್ತಾರೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು.

ಹಂತ 2: ಮಕ್ಕಳ ರಕ್ಷಣೆಯ ನಿಯಮಗಳು

ಇದನ್ನು ಮೊದಲ ಸಂಜೆಯೇ ಮುಗಿಸಿ. ಎರಡು ದಿನದ ಶಿಬಿರದ ಕೊನೆಯ ಗಂಟೆಗೆ ಉಳಿಸಿಕೊಂಡರೆ ಬಸ್ಸಿಗೆ ಹೊತ್ತಾಯಿತೆಂದು ಐದು ನಿಮಿಷದಲ್ಲಿ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇಬ್ಬರು ಹಿರಿಯರ ನಿಯಮ. ಯಾವುದೇ ಚಟುವಟಿಕೆಯಲ್ಲಿ ಕನಿಷ್ಠ ಇಬ್ಬರು ದೊಡ್ಡವರಿರಬೇಕು, ಒಬ್ಬ ಹಿರಿಯ ಮತ್ತು ಒಂದು ಮಗು ಇತರರ ಕಣ್ಣಿಗೆ ಬೀಳದಂತೆ ಒಂಟಿಯಾಗಿ ಇರಬಾರದು. ಗುಟ್ಟಾಗಿ ಮಾತನಾಡಬೇಕಾದರೂ ಇತರರಿಗೆ ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಕುಳಿತುಕೊಳ್ಳಬೇಕು. ಹಿರಿಯರ ಟೆಂಟ್ ಬೇರೆ, ಮಕ್ಕಳ ಟೆಂಟ್ ಬೇರೆ. ಸ್ನಾನ, ಬಟ್ಟೆ ಬದಲಿಸುವ ಜಾಗ ಮತ್ತು ಸಮಯವೂ ಬೇರೆ. ಮಗುವಿಗೆ ಖಾಸಗಿ ಸಂದೇಶ ಕಳಿಸುವಂತಿಲ್ಲ, ಪೋಷಕರು ಅಥವಾ ಇನ್ನೊಬ್ಬ ನಾಯಕರಿರುವ ಗುಂಪಿನಲ್ಲಷ್ಟೇ ಸಂಪರ್ಕ. ಫೋಟೋಗೆ ಪೋಷಕರ ಒಪ್ಪಿಗೆ ಮೊದಲೇ ಬರವಣಿಗೆಯಲ್ಲಿರಬೇಕು.

ನಿಯಮಗಳನ್ನು ಓದಿ ಸಹಿ ಹಾಕಿಸಿದರೆ ಸಾಲದು. ಮಗುವೊಂದು ಬಂದು ತನಗೆ ಯಾರಿಂದಲೋ ತೊಂದರೆಯಾಗಿದೆ ಎಂದು ಹೇಳಿಕೊಂಡರೆ ಏನು ಮಾಡಬೇಕು ಎಂಬುದನ್ನು ಬಾಯಲ್ಲಿ ಹೇಳಿಸಿ, ಅಭಿನಯ ಮಾಡಿಸಿ. ಸಮಾಧಾನವಾಗಿ ಕೇಳಿಸಿಕೊಳ್ಳಬೇಕು. "ನೀನು ಹೇಳಿದ್ದು ಒಳ್ಳೆಯದಾಯಿತು" ಎನ್ನಬೇಕು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ತನಿಖೆ ಮಾಡಬಾರದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಲೇಬಾರದು, ಏಕೆಂದರೆ ಹೇಳಲೇಬೇಕಾಗುತ್ತದೆ. ಮಗು ಬಳಸಿದ ಮಾತುಗಳಲ್ಲೇ ಬರೆದಿಟ್ಟು, ಸಂಸ್ಥೆಯಲ್ಲಿ ಇದಕ್ಕಾಗಿಯೇ ನೇಮಿಸಿದವರಿಗೆ ಅಂದೇ ತಿಳಿಸಬೇಕು. ನಿಮ್ಮಲ್ಲಿ ಅಂಥವರನ್ನು ಇನ್ನೂ ನೇಮಿಸಿಲ್ಲವಾದರೆ ಉಳಿದ ಹಂತಗಳನ್ನು ನಿಲ್ಲಿಸಿ ಮೊದಲು ಆ ಕೆಲಸ ಮಾಡಿ. ನಿಮ್ಮಲ್ಲಿ ಜಾರಿಯಲ್ಲಿರುವ ಕಾನೂನು ಯಾರಿಗೆ, ಎಷ್ಟು ಬೇಗ ವರದಿ ಮಾಡಬೇಕೆಂದು ಹೇಳುತ್ತದೋ ಅದನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲರ ಕೈಗೆ ಕೊಡಿ.

ಇಲ್ಲಿ ಕೇಳಿಬರುವ ಆಕ್ಷೇಪ ಒಂದೇ: "ನಾವೆಲ್ಲ ಪರಿಚಯದವರೇ, ಇದೆಲ್ಲ ಏಕೆ?" ಮಕ್ಕಳಿಗೆ ಕೇಡು ಮಾಡುವವರು ಬಹುತೇಕ ಪರಿಚಯದವರೇ ಆಗಿರುತ್ತಾರೆ ಎಂದು ನೇರವಾಗಿ ಹೇಳಿ. ಈ ನಿಯಮ ಪ್ರಾಮಾಣಿಕ ಸ್ವಯಂಸೇವಕರನ್ನು ಸುಳ್ಳು ಅನುಮಾನದಿಂದಲೂ ಕಾಯುತ್ತದೆ. ಅಷ್ಟು ಹೇಳಿದ ಮೇಲೂ ಮುಖ ಸಿಂಡರಿಸುವವರಿದ್ದರೆ ಅವರನ್ನು ಬಿಟ್ಟುಬಿಡುವುದೇ ಲೇಸು.

ಹಂತ 3: ದೊಡ್ಡವರನ್ನೇ ಸಣ್ಣ ತಂಡಗಳಾಗಿ ಒಡೆಯಿರಿ

1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಪ್ರಾಯೋಗಿಕ ಶಿಬಿರ ನಡೆಸಿದಾಗ ಸುಮಾರು 20 ಹುಡುಗರನ್ನು ನಾಲ್ಕು ತಂಡಗಳಾಗಿ ಹಂಚಿ, ಪ್ರತಿ ತಂಡಕ್ಕೂ ಹುಡುಗರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದರು. ಇದೇ ಪ್ಯಾಟ್ರೋಲ್ ಪದ್ಧತಿ. ಆರೆಂಟು ಮಕ್ಕಳ ತಂಡ, ಅವರದೇ ನಾಯಕ, ಅವರದೇ ಅಡುಗೆ, ಅವರದೇ ತೀರ್ಮಾನ. 1919ರಲ್ಲಿ ಲಂಡನ್ ಬಳಿಯ ಸ್ಕೌಟ್ ಶಿಬಿರತಾಣವಾದ ಗಿಲ್‌ವೆಲ್ ಪಾರ್ಕಿನಲ್ಲಿ ಹಿರಿಯರಿಗಾಗಿ ವುಡ್ ಬ್ಯಾಜ್ ಎಂಬ ತರಬೇತಿ ಆರಂಭವಾದಾಗಲೂ ಅದೇ ಉಪಾಯ ಬಳಸಿದರು. ಕಲಿಯಲು ಬಂದ ದೊಡ್ಡವರೇ ಪ್ಯಾಟ್ರೋಲ್‌ಗಳಾಗಿ ಬಾಳಿ, ಮಕ್ಕಳಿಗೆ ಆಗುವ ಅನುಭವವನ್ನು ತಾವು ಪಡೆಯಬೇಕಿತ್ತು. ಶತಮಾನ ಕಳೆದರೂ ಇದಕ್ಕಿಂತ ಉತ್ತಮ ದಾರಿ ನನಗಂತೂ ಕಂಡಿಲ್ಲ.

ನೀವೂ ಹಾಗೆಯೇ ಮಾಡಿ. ಆರು ಮಂದಿಯ ತಂಡಗಳಿರಲಿ. ನಾಯಕನ ಸ್ಥಾನ ಅರ್ಧ ದಿನಕ್ಕೊಮ್ಮೆ ಬದಲಾಗಲಿ. ಟೆಂಟ್, ಒಲೆ, ನೀರು, ಪಾತ್ರೆ ತೊಳೆಯುವುದು ಎಲ್ಲವೂ ಅವರ ಪಾಲಿಗೆ. ಪಾತ್ರೆ ತೊಳೆಯುವ ಸರದಿಗೆ ಜಗಳವಾದರೆ ಮಧ್ಯೆ ಹೋಗಬೇಡಿ. ನಾಳೆ ಮಕ್ಕಳೂ ಇದೇ ಜಗಳ ಆಡುತ್ತಾರೆ, ಅದು ಒಳಗಿನಿಂದ ಹೇಗಿರುತ್ತದೆಂದು ಇವರಿಗೆ ಗೊತ್ತಾಗಲಿ. ಹೊಸ ಗುಂಪು ಸಾಗುವ ಘಟ್ಟಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುರುತಿಸಿದ್ದರು: ಸೇರುವುದು, ಸಿಡಿಯುವುದು, ಹೊಂದುವುದು, ದುಡಿಯುವುದು. ಎರಡನೆಯ ಘಟ್ಟ ಬಂದಾಗ ಶಿಬಿರ ಕೆಟ್ಟಿತೆಂದು ಗಾಬರಿಯಾಗುವ ನಾಯಕರು ಬಹಳ. ಮೊದಲೇ ತಿಳಿಸಿಟ್ಟರೆ ಗಾಬರಿ ಅರ್ಧ ಇಳಿಯುತ್ತದೆ.

ಗಮನಿಸಿ: ಪರಿಚಯಸ್ಥರನ್ನೆಲ್ಲ ಒಂದೇ ತಂಡಕ್ಕೆ ಹಾಕಬೇಡಿ. ಗಂಡ ಹೆಂಡತಿ ಬಂದಿದ್ದರಂತೂ ಬೇರೆ ಬೇರೆ ತಂಡ.

ಹಂತ 4: ಕಲಿಸುವುದನ್ನು ಕಲಿಸುವುದು

ಬೋಲೈನ್ ಗಂಟು (ಎಳೆದರೂ ಬಿಗಿಯದ ಕುಣಿಕೆ) ಹಾಕಬಲ್ಲವರೆಲ್ಲ ಅದನ್ನು ಹೇಳಿಕೊಡಬಲ್ಲರೆಂದು ಇಲ್ಲ. ನಾಲ್ಕು ಮೆಟ್ಟಿಲಿನ ಒಂದು ಕ್ರಮ ಬಳಕೆಯಲ್ಲಿದೆ: ವಿವರಿಸು, ಮಾಡಿ ತೋರಿಸು, ಮಾಡುವಾಗ ಜೊತೆಗಿರು, ತಾನಾಗಿ ಮಾಡಲು ಬಿಡು. ಮೊದಲೆರಡಕ್ಕೆ ಐದು ನಿಮಿಷ ಸಾಕು, ಕಾಲವೆಲ್ಲ ಕೊನೆಯ ಎರಡಕ್ಕೆ ಹೋಗಬೇಕು. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ: ಇಪ್ಪತ್ತು ನಿಮಿಷ ಮಾತು, ಎರಡು ನಿಮಿಷ ಅಭ್ಯಾಸ.

ಪುಟ್ಟ ಸಲಹೆಗಳು ಕೆಲವಿವೆ. ಮಗುವಿನ ಎದುರು ನಿಂತು ಗಂಟು ತೋರಿಸಿದರೆ ಎಡಬಲ ತಿರುಗುಮುರುಗಾಗುತ್ತದೆ, ಆದ್ದರಿಂದ ಪಕ್ಕದಲ್ಲಿ ಕುಳಿತು ತೋರಿಸಿ. ಮಕ್ಕಳ ಮುಖಕ್ಕೆ ಬಿಸಿಲು ಹೊಡೆಯದಂತೆ, ಬೇಕಾದರೆ ನೀವು ಬಿಸಿಲಿಗೆ ಮುಖಮಾಡಿ ನಿಲ್ಲಿ. ಮಗು ತಪ್ಪಿದಾಗ ಹಗ್ಗ ಕಸಿದುಕೊಳ್ಳಬೇಡಿ. ಕೈ ತಡೆಯದಿದ್ದರೆ ಬೆನ್ನ ಹಿಂದೆ ಕಟ್ಟಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ತರಬೇತಿಯಲ್ಲಿ ಇದನ್ನು ಅಕ್ಷರಶಃ ಮಾಡಿಸಿ: ಒಬ್ಬರು ಕೈಕಟ್ಟಿಕೊಂಡು ಬಾಯಿಮಾತಿನಲ್ಲಷ್ಟೇ ಹೇಳಿಕೊಡಬೇಕು, ಇನ್ನೊಬ್ಬರು ಕೇಳಿ ಟೆಂಟ್ ಕಟ್ಟಬೇಕು.

ಹಂತ 5: ಬಿಟ್ಟುಕೊಡುವುದರ ಅಭ್ಯಾಸ

ಇಡೀ ತರಬೇತಿಯ ತಿರುಳು ಇದು. ಎರಡನೆಯ ದಿನದ ಬೆಳಗಿನ ಹೊತ್ತನ್ನು ಇದಕ್ಕೇ ಮೀಸಲಿಡಿ.

ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು ಎರಡು ಕಂಬಸಾಲು ಬರೆಸಿ. ಒಂದರಲ್ಲಿ "ಮಕ್ಕಳು ತೀರ್ಮಾನಿಸುವುದು", ಇನ್ನೊಂದರಲ್ಲಿ "ನಾವೇ ತೀರ್ಮಾನಿಸುವುದು". ಆಮೇಲೆ ಸಂದರ್ಭಗಳನ್ನು ಒಂದೊಂದಾಗಿ ಹೇಳಿ. ಟೆಂಟ್ ಎಲ್ಲಿ ಕಟ್ಟಬೇಕು? ಅಡುಗೆ ಏನು? ಸೀದುಹೋದ ಅಡುಗೆಯನ್ನು ಏನು ಮಾಡಬೇಕು? ದಾರಿ ಕವಲೊಡೆದಾಗ ಯಾವ ಕಡೆ? ಹೊಳೆ ತುಂಬಿದ್ದರೆ ದಾಟುವುದೇ? ಕತ್ತಲಾಗುವ ಮುಂಚೆ ಹಿಂದಿರುಗುವುದೇ? ಮೊದಲ ನಾಲ್ಕು ಮಕ್ಕಳ ಪಾಲು. ಟೆಂಟಿನ ವಿಷಯದಲ್ಲಿ ನೀವು ಒಣಗಿದ ಕೊಂಬೆಗಳ ಕೆಳಗಿನ ಜಾಗವನ್ನೂ ನೀರು ಹರಿಯುವ ತಗ್ಗನ್ನೂ ತೆಗೆದುಹಾಕಿ ಉಳಿದುದನ್ನು ಬಿಟ್ಟುಕೊಡಬೇಕು. ದಾರಿಯ ವಿಷಯದಲ್ಲಿ, ತಪ್ಪು ಕವಲು ಹಿಡಿದರೂ ಅರ್ಧ ಗಂಟೆ ಹೆಚ್ಚು ನಡೆಯಬೇಕಾದೀತು ಎನ್ನುವಷ್ಟಾದರೆ ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಿರಿ. ಕೊನೆಯ ಎರಡು ನಿಮ್ಮದೇ. ಅಲ್ಲಿ ಮತದಾನವಿಲ್ಲ.

ಈ ಹಂಚಿಕೆಗೆ ನಾನು ಬಳಸುವ ಅಳತೆಗೋಲು: ತಪ್ಪಾದರೆ ಸಂಜೆಯೊಳಗೆ ಸರಿಪಡಿಸಬಹುದೇ? ಹೌದಾದರೆ ಮಕ್ಕಳಿಗೆ ಬಿಡಿ. ಹಸಿವು, ಒದ್ದೆ ಬಟ್ಟೆ, ಬೇಸರ, ಸಣ್ಣ ಜಗಳ ಇವೆಲ್ಲ ಸರಿಹೋಗುವಂಥವು. ನೀರು, ಎತ್ತರ, ಬೆಂಕಿ, ಸಿಡಿಲು, ವಾಹನ ಇವುಗಳ ವಿಷಯದಲ್ಲಿ ಆದ ತಪ್ಪು ಸರಿಹೋಗದಿರಬಹುದು. ಒಂದು ಎಚ್ಚರಿಕೆ: ಚಳಿಗಾಳಿಯಲ್ಲಿ ಒದ್ದೆ ಬಟ್ಟೆ ಬೇಸರದ ಪಟ್ಟಿಯಿಂದ ಅಪಾಯದ ಪಟ್ಟಿಗೆ ಜಿಗಿಯುತ್ತದೆ. ನಡುಕ, ತೊದಲು, ಎಡವುವ ನಡಿಗೆ ಕಂಡರೆ ದೇಹದ ಶಾಖ ಕುಸಿಯುತ್ತಿದೆ ಎಂದರ್ಥ. ಆಗ ಪಾಠ ನಿಲ್ಲಿಸಿ, ಒಣ ಬಟ್ಟೆ ಹಾಕಿಸಿ, ಗಾಳಿಯಿಂದ ಮರೆಮಾಡಿ.

ಬಿಟ್ಟುಕೊಡುವುದೆಂದರೆ ಒಮ್ಮೆಲೇ ಕೈತೊಳೆದುಕೊಳ್ಳುವುದೂ ಅಲ್ಲ. ಅಮೆರಿಕದ ನಿರ್ವಹಣಾ ತಜ್ಞರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ರೂಪಿಸಿದ ಸಂದರ್ಭಾನುಸಾರ ನಾಯಕತ್ವದ ಕ್ರಮದಲ್ಲಿ ನಾಲ್ಕು ನಿಲುವುಗಳಿವೆ. ಹೊಸ ತಂಡಕ್ಕೆ ಸ್ಪಷ್ಟವಾಗಿ ಹೇಳಿಕೊಡುವುದು, ಸ್ವಲ್ಪ ಪಳಗಿದ ಮೇಲೆ ಕಾರಣ ಹೇಳಿ ಒಪ್ಪಿಸುವುದು, ಇನ್ನೂ ಪಳಗಿದರೆ ಕೇಳಿದಾಗ ಬೆಂಬಲ ಕೊಡುವುದು, ಕೊನೆಗೆ ಕೆಲಸವನ್ನೇ ಒಪ್ಪಿಸುವುದು. ಅದೇ ತಂಡ ಅಡುಗೆಯಲ್ಲಿ ನಾಲ್ಕನೆಯ ನಿಲುವಿಗೆ ಅರ್ಹವಾಗಿದ್ದು ನಕ್ಷೆಯಲ್ಲಿ ಮೊದಲನೆಯದರಲ್ಲೇ ಇರಬಹುದು. ಹೊಸ ಸ್ವಯಂಸೇವಕರು ಸಾಮಾನ್ಯವಾಗಿ ಒಂದೇ ನಿಲುವಿಗೆ ಅಂಟಿಕೊಳ್ಳುತ್ತಾರೆ. ಶಿಕ್ಷಕರು ಮೊದಲನೆಯದಕ್ಕೆ, ಕಾಲೇಜಿನಿಂದ ಬಂದ ಹುಡುಗರು ನಾಲ್ಕನೆಯದಕ್ಕೆ. (ಅಪವಾದಗಳುಂಟು, ಶಿಕ್ಷಕರು ಬೇಸರಿಸಬಾರದು.)

ಇನ್ನೊಂದು ಮಾತು ಹೆದರಿಕೆಯ ಬಗ್ಗೆ. ಮಗುವಿನ ಅನುಭವವನ್ನು ಮೂರು ವಲಯವಾಗಿ ನೋಡುವುದು ರೂಢಿ: ನೆಮ್ಮದಿಯ ವಲಯ, ಹಿಗ್ಗುವ (ತುಸು ಕಷ್ಟವಾದರೂ ನಿಭಾಯಿಸಬಲ್ಲ) ವಲಯ, ದಿಗಿಲಿನ ವಲಯ. ಕಲಿಕೆ ನಡೆಯುವುದು ನಡುವಿನದರಲ್ಲಿ. ದಿಗಿಲಾದ ಮಗು ಏನನ್ನೂ ಕಲಿಯುವುದಿಲ್ಲ, ಮತ್ತೆ ಬಾರದಿರಲು ಮಾತ್ರ ಕಲಿಯುತ್ತದೆ. ಬಂಡೆ ಹತ್ತುವಾಗ "ಇಷ್ಟೇ ಹತ್ತುತ್ತೇನೆ" ಎಂದು ನಿಲ್ಲುವ ಹಕ್ಕು ಮಗುವಿಗಿರಬೇಕು. "ಎಲ್ಲರೂ ಹತ್ತಿದರು, ನಿನಗೇನಾಯಿತು" ಎಂಬ ಮಾತನ್ನು ನಿಷೇಧಿಸಿ.

ಹಂತ 6: ಅಪಾಯದ ಲೆಕ್ಕಾಚಾರ

ಅಪಾಯದ ಮೂಲ ಬೇರೆ, ಅಪಾಯದ ಪ್ರಮಾಣ ಬೇರೆ ಎಂಬುದನ್ನು ಮೊದಲು ಬಿಡಿಸಿ ಹೇಳಿ. ಹೊಳೆ ಅಪಾಯದ ಮೂಲ. ಅದರಲ್ಲಿ ಮಗು ಮುಳುಗುವ ಸಂಭವ ಎಷ್ಟು, ಮುಳುಗಿದರೆ ಪರಿಣಾಮ ಎಷ್ಟು ಘೋರ ಎಂಬುದು ಪ್ರಮಾಣ. ಪ್ರತಿ ಚಟುವಟಿಕೆಗೂ ಈ ಎರಡು ಪ್ರಶ್ನೆ ಮತ್ತು "ಅದನ್ನು ತಗ್ಗಿಸಲು ಏನು ಮಾಡುತ್ತೇವೆ" ಎಂಬ ಉತ್ತರ ಒಂದೇ ಪುಟದಲ್ಲಿ ಬರಲಿ. ಯಾರೂ ಓದದ ಹದಿನೈದು ಪುಟದ ದಾಖಲೆಗಿಂತ ಜೇಬಿನಲ್ಲಿರುವ ಒಂದು ಪುಟ ಮೇಲು.

ನಡಿಗೆಯ ಅಂದಾಜಿಗೆ ನೈಸ್ಮಿತ್ ಎಂಬ ಸ್ಕಾಟಿಷ್ ಚಾರಣಿಗರು 1892ರಲ್ಲಿ ಕೊಟ್ಟ ಸೂತ್ರವನ್ನು ಈಗಲೂ ಬಳಸುತ್ತಾರೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳಿಗೆ ಇದಕ್ಕೆ ಅರ್ಧದಷ್ಟನ್ನಾದರೂ ಸೇರಿಸಿ. ಆಮೇಲೆ ಹಿಂದಿರುಗುವ ಗಡುವನ್ನು ಹೊರಡುವ ಮೊದಲೇ ನಿಗದಿಮಾಡಿ ಎಲ್ಲರಿಗೂ ಹೇಳಿ. ಶಿಖರ ಕಣ್ಣೆದುರಿಗೆ ಕಾಣುತ್ತಿರುವಾಗ ಯಾರ ವಿವೇಕವನ್ನೂ ನಂಬುವಂತಿಲ್ಲ, ಗಡಿಯಾರವನ್ನು ನಂಬಬಹುದು.

ದಾರಿಯಲ್ಲಿ ಮುಂದೊಬ್ಬ ಹಿರಿಯ, ಕೊನೆಗೊಬ್ಬ ಹಿರಿಯ, ಕೊನೆಯವನ ಹಿಂದೆ ಯಾರೂ ಇಲ್ಲ. ಮಕ್ಕಳು ಜೋಡಿ ಜೋಡಿಯಾಗಿ ಒಬ್ಬರಿಗೊಬ್ಬರು ಹೊಣೆ. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಕೆ. ಬಹುಮಂದಿ ಗಮನಿಸದ ಒಂದು ತಪ್ಪಿದೆ: ಮುಂದಿನವರು ನಿಂತು ಸುಧಾರಿಸಿಕೊಳ್ಳುತ್ತಾರೆ, ನಿಧಾನಿ ಮಗು ಏದುಸಿರಿಡುತ್ತಾ ಬಂದು ಸೇರಿದ ಕೂಡಲೇ "ಎಲ್ಲರೂ ಬಂದಾಯಿತು, ಹೊರಡೋಣ" ಎನ್ನುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಇಲ್ಲ. ನಿಲುಗಡೆಯ ಸಮಯವನ್ನು ಕೊನೆಯ ಮಗು ಕುಳಿತ ಕ್ಷಣದಿಂದ ಎಣಿಸಬೇಕು.

ಸಿಡಿಲಿಗೆ ಒಂದು ಸರಳ ಲೆಕ್ಕವಿದೆ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಅದು 10 ಕಿಲೋಮೀಟರಿನೊಳಗಿದೆ, ಕೂಡಲೇ ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವಂತಿಲ್ಲ, ಟೆಂಟ್ ಕೂಡ ರಕ್ಷಣೆಯಲ್ಲ.

ಹಂತ 7: ಅಣಕು ತುರ್ತುಸ್ಥಿತಿ

ಪ್ರಥಮ ಚಿಕಿತ್ಸೆಯ ಪಾಠವನ್ನು ಅರ್ಹರೇ ಮಾಡಲಿ. ಅದಾದ ಮೇಲೆ ರಾತ್ರಿ ಊಟ ಮುಗಿದು ಎಲ್ಲರೂ ಸಡಿಲಾಗಿರುವಾಗ ಒಂದು ಅಣಕು ಪ್ರಸಂಗ ನಡೆಸಿ. ಒಬ್ಬರು ಕಾಲು ಮುರಿದವರಂತೆ ದೂರದಲ್ಲಿ ಬಿದ್ದಿರಲಿ, ಇನ್ನೊಬ್ಬರು ಕಾಣೆಯಾಗಿರಲಿ. ಯಾರು ಗಾಯಾಳುವಿನ ಬಳಿ ಉಳಿಯುತ್ತಾರೆ, ಯಾರು ಸಹಾಯ ಕರೆಯುತ್ತಾರೆ, ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನೋಡಿ. ಮೂರನೆಯ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಎಲ್ಲ ಹಿರಿಯರೂ ಗಾಯಾಳುವಿನ ಸುತ್ತ ನೆರೆದಿರುತ್ತಾರೆ, ಒಲೆ ಉರಿಯುತ್ತಲೇ ಇರುತ್ತದೆ. ಅಭ್ಯಾಸಕ್ಕೆ ಮುನ್ನ ಒಂದು ಗುಪ್ತಪದ ಗೊತ್ತುಮಾಡಿಕೊಳ್ಳಿ. ಅದನ್ನು ಕೂಗಿದರೆ "ಇದು ಅಣಕಲ್ಲ, ನಿಜ" ಎಂದರ್ಥ.

ಹಳೆಯ ತಪ್ಪು ನಂಬಿಕೆಗಳನ್ನು ಈ ಹಂತದಲ್ಲೇ ಕಿತ್ತುಹಾಕಿ. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಆ ಅಂಗ ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಸಾಗಿಸಬೇಕು. ಸುಟ್ಟ ಗಾಯಕ್ಕೆ ಪೇಸ್ಟ್, ಎಣ್ಣೆ, ಮಂಜುಗಡ್ಡೆ ಬೇಡ, ಹರಿಯುವ ತಂಪು ನೀರನ್ನು 20 ನಿಮಿಷ ಬಿಡಬೇಕು. ಬಿಸಿಲಿಗೆ ಮೈ ಕಾದು ಮಗು ಅಸಂಬದ್ಧವಾಗಿ ಮಾತನಾಡತೊಡಗಿದರೆ ಒಂದು ಕ್ಷಣವೂ ತಡಮಾಡದೆ ನೆರಳಿಗೆ ಒಯ್ದು ನೀರು ಸುರಿದು ತಂಪಾಗಿಸಬೇಕು, ಅದು ಪ್ರಾಣಕ್ಕೆ ಸಂಚಕಾರ ತರುವ ಸ್ಥಿತಿ.

ಪ್ರತಿ ಮಗುವಿನ ಅಲರ್ಜಿ, ಔಷಧಿ, ಪೋಷಕರ ಸಂಖ್ಯೆ ಇರುವ ಹಾಳೆ ಇಬ್ಬರು ನಾಯಕರ ಬಳಿ ಕಾಗದದ ರೂಪದಲ್ಲೇ ಇರಬೇಕು. ಮೊಬೈಲಿನಲ್ಲಿದೆ ಎಂದರೆ ಬ್ಯಾಟರಿ ಮುಗಿಯುವವರೆಗೆ ಮಾತ್ರ ಇದೆ.

ಹಂತ 8: ದಿನದ ಕೊನೆಯ ಮಾತುಕತೆ

ಚಟುವಟಿಕೆ ಮುಗಿದ ಮೇಲೆ ಹದಿನೈದು ನಿಮಿಷ ವೃತ್ತವಾಗಿ ಕುಳಿತು ಮೂರು ಪ್ರಶ್ನೆ ಕೇಳುವುದನ್ನು ಕಲಿಸಿ: ಏನಾಯಿತು? ಅದರಿಂದ ಏನು ತಿಳಿಯಿತು? ಮುಂದಿನ ಸಲ ಏನು ಬದಲಿಸೋಣ? ನಾಯಕ ಮಾತನಾಡುವುದು ಕೊನೆಗೆ, ಅದೂ ಸ್ವಲ್ಪವೇ. ಪ್ರಶ್ನೆ ಹಾಕಿ ಹತ್ತು ಸೆಕೆಂಡು ಮೌನವಾಗಿದ್ದರೆ ಯಾರಾದರೂ ಮಾತನಾಡುತ್ತಾರೆ. ಹೊಸಬರು ಆ ಮೌನವನ್ನು ತಾಳಲಾರದೆ ಮೂರನೆಯ ಸೆಕೆಂಡಿಗೇ ಉತ್ತರ ತಾವೇ ಹೇಳಿಬಿಡುತ್ತಾರೆ.

ಹಂತ 9: ಜೊತೆಗಾರಿಕೆ ಮತ್ತು ನವೀಕರಣ

ಎರಡು ದಿನ ಮುಗಿದ ಕೂಡಲೇ ಪ್ರಮಾಣಪತ್ರ ಹಂಚಬೇಡಿ. ಮೊದಲ ಎರಡು ಮೂರು ಶಿಬಿರಗಳಲ್ಲಿ ಹೊಸಬರು ಅನುಭವಿಯೊಬ್ಬರ ಸಹಾಯಕರಾಗಿರಲಿ: ಮೊದಲ ಸಲ ನೋಡುತ್ತಾ, ಎರಡನೆಯ ಸಲ ಒಂದು ಚಟುವಟಿಕೆಯನ್ನು ತಾವೇ ನಡೆಸುತ್ತಾ, ಮೂರನೆಯ ಸಲ ಅರ್ಧ ದಿನದ ಹೊಣೆ ಹೊತ್ತು. ಪ್ರತಿ ಸಲವೂ ಅನುಭವಿಯು ಒಂದು ಮೆಚ್ಚುಗೆ, ಒಂದು ತಿದ್ದುಪಡಿಯನ್ನು ಹೆಸರಿಟ್ಟು ಹೇಳಬೇಕು. "ಚೆನ್ನಾಗಿತ್ತು" ಎಂಬುದು ಮೆಚ್ಚುಗೆಯಲ್ಲ. "ದಾರಿ ತಪ್ಪಿದಾಗ ನೀವು ನಕ್ಷೆಯನ್ನು ತಂಡದ ನಾಯಕಿಯ ಕೈಯಲ್ಲೇ ಬಿಟ್ಟಿರಿ" ಎಂಬುದು ಮೆಚ್ಚುಗೆ.

ಕೆಲವರು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅವರಿಗೆ ಸಾಮಾನು, ಲೆಕ್ಕಪತ್ರ, ಸಾರಿಗೆಯ ಹೊಣೆ ಕೊಡಿ, ಶಿಬಿರಕ್ಕೆ ಅವೂ ಬೇಕು. ರಕ್ಷಣೆಯ ನಿಯಮ ಮುರಿದವರಿಗೆ ಮಾತ್ರ ಬೇರೆ ಹೊಣೆಯಿಲ್ಲ, ಅವರು ಅಂದೇ ಹೊರಗೆ.

ಪ್ರಥಮ ಚಿಕಿತ್ಸೆಯ ಅರ್ಹತೆಗೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಅವಧಿ ಇರುತ್ತದೆ, ಮುಗಿಯುವ ದಿನವನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಿ. ಮಕ್ಕಳ ರಕ್ಷಣೆಯ ಪಾಠ ವರ್ಷಕ್ಕೊಮ್ಮೆ ಮತ್ತೆ ನಡೆಯಲಿ, ಹಳಬರಿಗೂ ವಿನಾಯಿತಿ ಬೇಡ. ಅಣಕು ತುರ್ತುಸ್ಥಿತಿಯನ್ನು ಋತುವಿನ ಮೊದಲ ಶಿಬಿರಕ್ಕೆ ಹದಿನೈದು ದಿನ ಮುಂಚೆ ಇಟ್ಟುಕೊಂಡರೆ ಅದರಲ್ಲಿ ಕಂಡ ಕೊರತೆಗಳನ್ನು ಸರಿಪಡಿಸಲು ಸಮಯ ಸಿಗುತ್ತದೆ.